ಫ್ಲಶಿಂಗಿನ ಟೀಚರಮ್ಮ ಹಿಡಿದ ಫಲಕ

ನ್ಯೂಯಾರ್ಕಿನ ಫ್ಲಶಿಂಗ್ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಅಲ್ಲಿನ ಗಣಪತಿ ದೇವಸ್ಥಾನ ಮತ್ತು ಅದರ ಕ್ಯಾಂಟೀನಿನ ದೋಸೆ. ಅದೇ ಫ್ಲಶಿಂಗಿನ ಒಂದು ಬೀದಿಗೆ 2014ರಲ್ಲಿ ಮ್ಯಾನ್‌ಫರ್ಡ್ ಕುಟುಂಬದ ಹೆಸರಿಟ್ಟರು. ತಾಯಿ ಜೀನ್ ಮ್ಯಾನ್‌ಫರ್ಡ್ ಶಾಲೆಯ ಟೀಚರ್, ತಂದೆ ಜೂಲ್ಸ್ ಹಲ್ಲಿನ ಡಾಕ್ಟರು. ಮಗ ಮಾರ್ಟಿ ಗೇ. ಅಂದರೆ ಮಕ್ಕಳೇ, ಅವನಿಗೆ ಪ್ರೀತಿ ಹುಟ್ಟುತ್ತಿದ್ದುದು ಹುಡುಗರ ಮೇಲೆ.

ಅಮೆರಿಕದ ಮನೋವೈದ್ಯರ ಸಂಘ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರ ಕೊನೆಗೆ. ಅದಕ್ಕೂ ಮೊದಲು, 1972ರ ಏಪ್ರಿಲ್‌ನಲ್ಲಿ, ಒಂದು ಸಮಾರಂಭದಲ್ಲಿ ಕರಪತ್ರ ಹಂಚುತ್ತಿದ್ದ ಮಾರ್ಟಿಯನ್ನು ಕೆಲವರು ಹೊಡೆದರು. ಪೊಲೀಸರು ತಡೆಯಲಿಲ್ಲ. ಜೀನ್ ಸಿಟ್ಟಿನಿಂದ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಗೆ ಕಾಗದ ಬರೆದರು. ತನ್ನ ಮಗ ಸಲಿಂಗಪ್ರೇಮಿ ಎಂದು ಸ್ವಂತ ಹೆಸರು ಹಾಕಿಯೇ ಬರೆದರು. ತರಗತಿಯ ಮಕ್ಕಳ ಅಪ್ಪ ಅಮ್ಮಂದಿರೂ ಅದನ್ನು ಓದಬಹುದೆಂದು ಅವರಿಗೆ ಗೊತ್ತಿರಲಿಲ್ಲವೇ!

ಆ ಜೂನ್‌ನ ಮೆರವಣಿಗೆಯಲ್ಲಿ ಅವರು ಮಗನ ಪಕ್ಕದಲ್ಲೇ ನಡೆದರು. ಸಲಿಂಗಿಗಳ ತಂದೆತಾಯಂದಿರೇ, ನಮ್ಮ ಮಕ್ಕಳ ಬೆಂಬಲಕ್ಕೆ ಒಂದಾಗಿ ಎಂಬ ಅರ್ಥದ ಫಲಕ ಕೈಯಲ್ಲಿತ್ತು. ಜನ ಕೂಗಿ ಚಪ್ಪಾಳೆ ತಟ್ಟಿದರು. ಮಕ್ಕಳ ಪಾಲನೆಯ ಪುಸ್ತಕದಿಂದ ಮನೆಮಾತಾಗಿದ್ದ ಡಾ. ಬೆಂಜಮಿನ್ ಸ್ಪಾಕ್ ಅವರ ಹಿಂದೆಯೇ ಬರುತ್ತಿದ್ದರು. ಚಪ್ಪಾಳೆ ಅವರಿಗೇ ಇರಬೇಕೆಂದು ಜೀನ್ ಭಾವಿಸಿದ್ದರು! ಅಷ್ಟರಲ್ಲಿ ಹುಡುಗರು, ಹುಡುಗಿಯರು ಓಡಿಬಂದು ತಬ್ಬಿಕೊಂಡು ಅತ್ತರು. ನಮ್ಮ ಅಪ್ಪ ಅಮ್ಮನ ಹತ್ತಿರ ಒಂದು ಸಲ ಮಾತಾಡುತ್ತೀರಾ ಎಂದು ಕೇಳಿದರು.

ಏಟು ತಿಂದವನು ಮಾರ್ಟಿ, ಚಪ್ಪಾಳೆ ಸಿಕ್ಕಿದ್ದು ಅಮ್ಮನಿಗೆ. ಬೆಂಬಲಿಸಲು ಬಂದವರಿಗೇ ಹೆಚ್ಚು ಹೊಗಳಿಕೆ ಏಕೆ ಎಂದು ಇವತ್ತಿಗೂ ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಹುಡುಗರು ಕೇಳಿದ್ದೇನೆಂದು ನೋಡಿ. ಅವರಿಗೆ ಭಾಷಣ ಬೇಕಿರಲಿಲ್ಲ. ತಮ್ಮ ಬಾಯಿಂದ ಬಂದರೆ ಮನೆಯಲ್ಲಿ ಕೇಳಿಸಿಕೊಳ್ಳದ ಮಾತನ್ನು ಇನ್ನೊಬ್ಬ ತಾಯಿ ಹೇಳಬೇಕಿತ್ತು.

ನಮ್ಮ ಕೂಟಗಳಲ್ಲಿ ಹೀಗೆ ಯಾರಾದರೂ ಮಾತಾಡಿದರೆ ಚಪ್ಪಾಳೆಗಿಂತ ಮೊದಲು ಬರುವುದು ಪ್ರಶ್ನೆ: “ಯಾಕ್ರೀ, ನಿಮ್ಮನೇಲಿ ಯಾರಾದ್ರೂ ಹಾಗಿದ್ದಾರಾ?” ಇಲ್ಲವೆಂದರೆ, “ಮತ್ತೆ ನಿಮಗ್ಯಾಕೆ?” ಇದೆ ಎಂದರೆ, ಪಾಪ ಎಂಬ ನೋಟ. ಮಕ್ಕಳ ಮುಂದೆ ಈ ವಿಷಯ ಬೇಡ ಎನ್ನುವವರೂ ಉಂಟು. ಮಕ್ಕಳು ಆಟದ ಮೈದಾನದಲ್ಲಿ ‘ಗೇ’ ಪದವನ್ನು ಬೈಗುಳವಾಗಿ ಆಗಲೇ ಕೇಳಿರುತ್ತಾರೆ. ಅದರ ನಿಜವಾದ ಅರ್ಥ ಮನೆಯಲ್ಲಿ ಕೇಳಿದರೆ ತಪ್ಪೇನು?

1973ರ ಮಾರ್ಚ್‌ನಲ್ಲಿ ಗ್ರೀನಿಚ್ ವಿಲೇಜಿನ ಒಂದು ಚರ್ಚಿನಲ್ಲಿ ಜೀನ್ ದಂಪತಿ ಕರೆದ ಮೊದಲ ಸಭೆಗೆ ಬಂದವರು ಸುಮಾರು 20 ಮಂದಿ. ಅದೇ ಮುಂದೆ ‘ಪಿಫ್ಲ್ಯಾಗ್’ ಸಂಸ್ಥೆಯಾಗಿ ದೇಶದ ತುಂಬ ಹರಡಿತು. ಮಾರ್ಟಿ 1992ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಜೀನ್ 2013ರ ಜನವರಿಯಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅದರ ಮರುತಿಂಗಳು ಅಧ್ಯಕ್ಷ ಒಬಾಮಾ ಅವರಿಗೆ ಮರಣೋತ್ತರ ಪದಕ ಕೊಟ್ಟರು.

ಭಾರತದಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮವನ್ನು ಅಪರಾಧವಲ್ಲವೆಂದದ್ದು 2018ರ ಸೆಪ್ಟೆಂಬರ್ 6ರಂದು. 2023ರಲ್ಲಿ ‘ಸ್ವೀಕಾರ್’ ಎಂಬ ಪೋಷಕರ ಬಳಗದ 400ಕ್ಕೂ ಹೆಚ್ಚು ತಂದೆತಾಯಂದಿರು ತಮ್ಮ ಮಕ್ಕಳ ಮದುವೆಗೂ ಮಾನ್ಯತೆ ಕೊಡಿ ಎಂದು ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಅಕ್ಟೋಬರ್‌ನಲ್ಲಿ ಬಂದ ತೀರ್ಪು ಅವರು ಕೇಳಿದ್ದನ್ನು ಕೊಡಲಿಲ್ಲ.

ಅಮೆರಿಕದಲ್ಲಿರುವ ನಮ್ಮಂಥವರಿಗಾಗಿ ‘ದೇಸಿ ರೇನ್‌ಬೋ’ ಎಂಬ ಸಂಸ್ಥೆಯಿದೆ. ದಕ್ಷಿಣ ಏಷ್ಯಾದ ತಂದೆತಾಯಂದಿರು ಅಲ್ಲಿ ಆನ್‌ಲೈನಿನಲ್ಲಿ ಸೇರಿ, ಮಗ ಅಥವಾ ಮಗಳು ಹೇಳಿದ ಆ ಒಂದು ಮಾತಿನ ಬಗ್ಗೆ ತಮ್ಮಂಥವರೊಡನೆ ಮಾತಾಡಿಕೊಳ್ಳುತ್ತಾರೆ.