ಗುಂಡುತೋಪಿನ ಪುನರುದ್ಧಾರ

ನಮ್ಮ ಕೋಲಾರ ಸೀಮೆಯ ಹಿರಿಯರು ಊರಂಚಿನಲ್ಲಿ ಗುಂಡುತೋಪನ್ನು ಬೆಳೆಸಿ, ಮಾವು, ಹುಣಿಸೆ, ಹೊಂಗೆ, ನೇರಳೆಗಳ ನೆರಳನ್ನೂ ಫಲವನ್ನೂ ಊರಿಗೆಲ್ಲ ಬಿಟ್ಟುಹೋದರು. ವಕ್ಕಲೇರಿಯ ಸುತ್ತಣ ಗ್ರಾಮಗಳಲ್ಲಿ ಅಂತಹ ತೋಪುಗಳು ಮತ್ತೆ ಬೆಳೆಯಬೇಕಾದರೆ ಪಂಚಾಯಿತಿಯ ನೆಲ, ಕಂಪನಿಯ ಧನ, ಸೇವಾಸಂಸ್ಥೆಯ ಅನುಭವ ಇವು ಒಂದುಗೂಡಬೇಕು. ನರಸಾಪುರ, ಮಾಲೂರುಗಳಲ್ಲಿ ಕಾರ್ಖಾನೆಗಳು ಬೇಕಾದಷ್ಟಿವೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಲೋಕಹಿತಕ್ಕೆ ವಿನಿಯೋಗಿಸತಕ್ಕದ್ದು.

ಆದರೆ ಇಂತಹ ಕೂಟವೊಂದು ಹಿಂದೆ ಕೆಟ್ಟುದನ್ನು ನಾವು ಮರೆಯಬಾರದು. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಊರೂರ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯನ್ನು ಬೆಳೆಯತೊಡಗಿದುವು. ಮರವು ಕಾರ್ಖಾನೆಗೆ, ಮೇವಿಲ್ಲದ ನೆಲವು ಊರಿಗೆ ಎಂಬಂತಾಯಿತು. 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿಯನ್ನು ಕಿತ್ತು, ಹಣ್ಣಿನ ಹಾಗೂ ಮೇವಿನ ಸಸಿಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆಯು ಮುಚ್ಚಿತು. ನಮ್ಮ ಸೀಮೆಯಲ್ಲಿಯೂ ವ್ಯಾಪಿಸಿದ್ದ ಆ ಮರವನ್ನು ಹೊಸದಾಗಿ ನೆಡಬಾರದೆಂದು ಸರ್ಕಾರವು 2017ರಲ್ಲಿ ಆಜ್ಞಾಪಿಸಿತು.

ಆದಕಾರಣ ಗೃಹಸ್ಥರಾದ ನಾವು ಸಸಿ ನೆಡುವುದಕ್ಕೆ ಮೊದಲೇ ಗ್ರಾಮಸಭೆಗೆ ಹೋಗಿ ಕೇಳತಕ್ಕ ಪ್ರಶ್ನೆಗಳಿವೆ. ನೆಡುವುದು ಯಾವ ಜಾತಿಯ ಸಸಿ? ಮೊದಲ ಮೂರು ಬೇಸಗೆ ನೀರೆರೆಯುವವರು ಯಾರು? ಮುಂದೆ ಹುಣಿಸೆಯ ಹರಾಜಿನಿಂದ ಬರುವ ಹಣವು ಯಾರಿಗೆ ಸಲ್ಲುವುದು? ಇವುಗಳ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು. ನೆಡುವ ದಿನದ ಉತ್ಸವಕ್ಕೆ ಎಲ್ಲರೂ ಬರುವರು. ಮೂರನೆಯ ಚೈತ್ರದ ಬಿಸಿಲಿನಲ್ಲಿ ಕೊಡ ಹೊತ್ತು ಬರುವವನೇ ತೋಪಿನ ನಿಜವಾದ ಯಜಮಾನನು.