ಕಿವಿಯನ್ನು ಅಳೆಯುವ ವಿದ್ಯೆ

ಕಣ್ಣಿನ ದೋಷ ನೋಡುವವರಿಗೆ ಬೇಗ ತಿಳಿಯುತ್ತದೆ. ಕಿವಿಯ ದೋಷ ಹಾಗಲ್ಲ. ಹುಟ್ಟುಗಿವುಡಾದ ಮಗು ಬೇರೆ ಮಕ್ಕಳಂತೆಯೇ ನಗುತ್ತದೆ, ಅಳುತ್ತದೆ, ತಾಯಿಯ ಮುಖವನ್ನು ಗುರುತಿಸುತ್ತದೆ. ಒಂದೂವರೆ ವರ್ಷವಾದರೂ ಮಾತು ಬಾರದಿದ್ದರೆ ‘ಅವರಪ್ಪನಿಗೂ ತಡವಾಗಿಯೇ ಬಂತು’ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಯಾರಿಗಾದರೂ ಸಂದೇಹ ಬಂದರೆ ಮಗುವಿನ ಹಿಂದೆ ನಿಂತು ತಟ್ಟೆ ಬಡಿಯುತ್ತಾರೆ. ಮಗು ತಿರುಗಿ ನೋಡುತ್ತದೆ; ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಮಗು ತಿರುಗಿದ್ದು ನೆಲದ ಅದುರಿನಿಂದಲೋ, ಬಡಿದವರ ನೆರಳು ಸುಳಿದುದರಿಂದಲೋ ಇರಬಹುದು. ಅಥವಾ ತಟ್ಟೆಯ ದೊಡ್ಡ ಸದ್ದು ಕೇಳಿಸಿ, ತಾಯಿಯ ಮೆಲುದನಿ ಎಂದೂ ಕೇಳಿಸದೆ ಇದ್ದಿರಬಹುದು. ಈ ಭೇದವನ್ನು ಕಂಡುಹಿಡಿಯುವುದಕ್ಕೆ ಅಳತೆ ಬೇಕು. ಅಳೆಯುವುದಕ್ಕೆ ಅದನ್ನು ಕಲಿತವರು ಬೇಕು. ಅಂಥವರನ್ನು ಶ್ರವಣತಜ್ಞರು, ಅಥವಾ ಆಡಿಯಾಲಜಿಸ್ಟರು ಎನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆಯ ಅಥವಾ ಸಾಧನದ ನೆರವು ಬೇಕಾಗುವಷ್ಟು ಶ್ರವಣದೋಷವಿದೆ. 2050ರ ವೇಳೆಗೆ ಈ ಸಂಖ್ಯೆ 70 ಕೋಟಿಯನ್ನು ದಾಟಬಹುದೆಂದು ಆ ವರದಿಯ ಅಂದಾಜು. ಹೀಗಿರುವಾಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹುಟ್ಟುವುದು ಸಹಜ. ಕಿವಿಯನ್ನು ಪರೀಕ್ಷಿಸುವ ಆಡಿಯೋಮೀಟರಿನ ಗುಂಡಿಗಳನ್ನು ತಿರುಗಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಷ್ಟೆ. ಅದಕ್ಕಾಗಿ ನಾಲ್ಕು ವರ್ಷಗಳ ಪದವಿಯೂ ಅದರ ಮೇಲೆ ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗವೂ ಏಕೆ? ಈ ಪ್ರಶ್ನೆಗೆ ಉತ್ತರ ಹೇಳುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೊನ್ನೆ ಎಂದರೇನು?

ಮೊದಲು ಅಳತೆಗೋಲನ್ನೇ ನೋಡೋಣ. ಆರೋಗ್ಯವಂತರಾದ ತರುಣರ ಕಿವಿ ಕೇಳಬಲ್ಲ ಅತಿ ಸಣ್ಣ ಸದ್ದಿನ ಒತ್ತಡ, ಸೆಕೆಂಡಿಗೆ 1,000 ಸ್ಪಂದನಗಳ ಆಸುಪಾಸಿನಲ್ಲಿ, ಸುಮಾರು 20 ಮೈಕ್ರೋಪಾಸ್ಕಲ್. ಇದು ವಾಯುಮಂಡಲದ ಒತ್ತಡದ 500 ಕೋಟಿಯಲ್ಲಿ ಒಂದು ಪಾಲು. ಕಿವಿಗೆ ನೋವಾಗುವಂಥ ಸದ್ದಿನ ಒತ್ತಡವಾದರೋ ಇದರ ಹತ್ತು ಲಕ್ಷದಷ್ಟು. ಇಷ್ಟು ವಿಸ್ತಾರವಾದ ಹರವನ್ನು ಸಾಧಾರಣ ಅಂಕಗಳಲ್ಲಿ ಬರೆಯುವುದು ಕಷ್ಟವಾದುದರಿಂದ ಲಘುಗಣಕದ ಸಹಾಯದಿಂದ ಡೆಸಿಬೆಲ್ ಎಂಬ ಮಾನವನ್ನು ಬಳಸುತ್ತಾರೆ. ಆಗ ಆ ಹರವೆಲ್ಲ 0ಯಿಂದ 120ರವರೆಗಿನ ಅಂಕಗಳೊಳಗೆ ಅಡಗುತ್ತದೆ.

ಭೌತಶಾಸ್ತ್ರದ ವಿದ್ಯಾರ್ಥಿಗೆ ಇಷ್ಟು ತಿಳಿದಿರುವುದು ಸರಿಯಷ್ಟೆ. ಆದರೆ ಶ್ರವಣಶಾಸ್ತ್ರದ ಸೊನ್ನೆ ಬೇರೆಯದು. ನಮ್ಮ ಕಿವಿ ಎಲ್ಲ ಆವೃತ್ತಿಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ. 250 ಹರ್ಟ್ಸಿನ ಮಂದ್ರಸ್ವರ ಕೇಳಿಸಬೇಕಾದರೆ 1,000 ಹರ್ಟ್ಸಿನ ಸ್ವರಕ್ಕಿಂತ ಹೆಚ್ಚು ಒತ್ತಡ ಬೇಕು. ಆದಕಾರಣ ಪ್ರತಿಯೊಂದು ಆವೃತ್ತಿಯಲ್ಲಿಯೂ ಆರೋಗ್ಯವಂತ ತರುಣರಿಗೆ ಸರಾಸರಿಯಲ್ಲಿ ಕೇಳಿಸತೊಡಗುವ ಮಟ್ಟವನ್ನೇ ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ಇಲ್ಲಿ ಸೊನ್ನೆ ಎಂದರೆ ನಿಶ್ಶಬ್ದವಲ್ಲ. ಮನುಷ್ಯರ ಕಿವಿಗಳಿಂದಲೇ ಪಡೆದ ಒಂದು ಗುರುತು.

ಪರೀಕ್ಷೆಯ ಕ್ರಮ ಹೀಗಿದೆ. ಸದ್ದಿಲ್ಲದ ಕೋಣೆಯಲ್ಲಿ ವ್ಯಕ್ತಿಯನ್ನು ಕೂರಿಸಿ ಒಂದು ಕಿವಿಗೆ ಶುದ್ಧ ಸ್ವರವನ್ನು ಕೇಳಿಸುತ್ತಾರೆ. ಕೇಳಿಸಿತೆಂದು ಆತ ಕೈಯೆತ್ತಿದರೆ ಸದ್ದನ್ನು 10 ಡೆಸಿಬೆಲ್ ಇಳಿಸುವುದು; ಎತ್ತದಿದ್ದರೆ 5 ಡೆಸಿಬೆಲ್ ಏರಿಸುವುದು. ಏರಿಸುವಾಗ ಕೊನೆಯ ಪಕ್ಷ ಅರ್ಧದಷ್ಟು ಸಲ ಉತ್ತರ ಬಂದ ಅತಿ ಕೆಳಗಿನ ಮಟ್ಟವೇ ಆ ಸ್ವರದ ಹೊಸ್ತಿಲು. 250ರಿಂದ 8,000 ಹರ್ಟ್ಸಿನವರೆಗೆ ಹೀಗೆ ದೊರೆತ ಹೊಸ್ತಿಲುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಶ್ರವಣನಕ್ಷೆ ಸಿದ್ಧವಾಗುತ್ತದೆ. ಬಲಗಿವಿಗೆ ಕೆಂಪು ವೃತ್ತ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ.

ಒಂದು ಕಿವಿಯ ಸದ್ದು ಇನ್ನೊಂದರಲ್ಲಿ

ತೊಡಕು ಪ್ರಾರಂಭವಾಗುವುದು ಇಲ್ಲಿಂದ. ಗಾಳಿಯಲ್ಲಿ ಬಂದ ಸದ್ದು ಕಿವಿದಮಟೆಗೆ ತಾಕಿ, ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರು ಎಲುಬುಗಳ ಮೂಲಕ ಒಳಗಿವಿಯ ದ್ರವಕ್ಕೆ ಇಳಿಯುತ್ತದೆ. ಗಾಳಿಯಿಂದ ನೀರಿಗೆ ನೇರವಾಗಿ ಇಳಿಯುವ ಸದ್ದಿನ ಶಕ್ತಿಯಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಹೊಗುತ್ತದೆ; ಉಳಿದುದೆಲ್ಲ ಹಿಂದಿರುಗಿ ಹೋಗುತ್ತದೆ. ಈ ನಷ್ಟವನ್ನು ತುಂಬಿಕೊಡುವುದೇ ನಡುಗಿವಿಯ ಕೆಲಸ. ಕಿವಿದಮಟೆಯ ವಿಸ್ತೀರ್ಣ ರಿಕಾಪಿನ ಪಾದದ ಸುಮಾರು 17ರಷ್ಟು; ಎಲುಬುಗಳ ಸನ್ನೆಯ ಲಾಭ ಸುಮಾರು 1.3 ಪಟ್ಟು. ಎರಡೂ ಸೇರಿ ಒತ್ತಡ ಸುಮಾರು 22 ಪಟ್ಟು ಹೆಚ್ಚುತ್ತದೆ. ಸನ್ನೆಯ ತತ್ತ್ವವನ್ನು ಶಾಲೆಯಲ್ಲಿ ಕಲಿತ ವಿದ್ಯಾರ್ಥಿ ಅದನ್ನು ತನ್ನ ಕಿವಿಯೊಳಗೇ ಹೊತ್ತು ತಿರುಗುತ್ತಾನೆ.

ಕಿವಿಯ ಹಿಂದಿನ ಎಲುಬಿಗೆ ಕಂಪಕವೊಂದನ್ನು ಒತ್ತಿದರೆ ಸದ್ದು ನಡುಗಿವಿಯ ಹಂಗಿಲ್ಲದೆ ಒಳಗಿವಿಯನ್ನು ಮುಟ್ಟುತ್ತದೆ. ಗಾಳಿಯ ಮೂಲಕ ಮಂದವಾಗಿ ಕೇಳಿಸಿ ಎಲುಬಿನ ಮೂಲಕ ಚೆನ್ನಾಗಿ ಕೇಳಿಸಿದರೆ ದೋಷವಿರುವುದು ಹೊರಗಿವಿಯಲ್ಲಿ ಅಥವಾ ನಡುಗಿವಿಯಲ್ಲಿ. ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಹಲವು ವೇಳೆ ಗುಣವಾಗಬಹುದು. ಎರಡು ದಾರಿಗಳಲ್ಲಿಯೂ ಸಮನಾಗಿ ಮಂದವಾಗಿದ್ದರೆ ದೋಷ ಒಳಗಿವಿಯದು ಅಥವಾ ನರದ್ದು.

ಆದರೆ ತಲೆಬುರುಡೆ ಒಂದೇ. ಎಡಗಡೆ ಒತ್ತಿದ ಕಂಪಕ ಬಲಗಿವಿಯನ್ನೂ ನಡುಗಿಸುತ್ತದೆ. ಎಡಗಿವಿ ಪೂರ್ತಿ ಕೆಟ್ಟಿದ್ದು ಬಲಗಿವಿ ಸರಿಯಾಗಿದ್ದರೆ, ಕೇಳಿದ್ದು ಯಾವ ಕಿವಿಯೆಂದು ತಿಳಿಯದ ವ್ಯಕ್ತಿ ಕೈಯೆತ್ತುತ್ತಾನೆ. ಎಡಗಿವಿಯ ಒಳಭಾಗ ಆರೋಗ್ಯವಾಗಿದೆಯೆಂದು ನಕ್ಷೆ ಸುಳ್ಳು ಹೇಳುತ್ತದೆ. ಅದನ್ನು ನಂಬಿದರೆ ಪ್ರಯೋಜನವಿಲ್ಲದ ಶಸ್ತ್ರಚಿಕಿತ್ಸೆಗೆ ದಾರಿಯಾಗಬಹುದು. ಇದನ್ನು ತಪ್ಪಿಸಲು ಒಳ್ಳೆಯ ಕಿವಿಗೆ ಗದ್ದಲವನ್ನು ಕೇಳಿಸಿ ಅದನ್ನು ತಡೆಹಿಡಿಯಬೇಕು. ಗದ್ದಲ ಕಡಿಮೆಯಾದರೆ ತಡೆ ಸಾಲದು. ಹೆಚ್ಚಾದರೆ ಅದೇ ಬುರುಡೆಯನ್ನು ದಾಟಿ ಪರೀಕ್ಷಿಸುತ್ತಿರುವ ಕಿವಿಯನ್ನೂ ಮುಚ್ಚಿಬಿಡುತ್ತದೆ. ಎಷ್ಟು ಸಾಕು, ಎಷ್ಟು ಹೆಚ್ಚು ಎಂಬುದನ್ನು ಪ್ರತಿಯೊಬ್ಬರಲ್ಲಿಯೂ ಹೊಸದಾಗಿ ನಿರ್ಣಯಿಸಬೇಕು. ಗುಂಡಿ ತಿರುಗಿಸಲು ಮಾತ್ರ ಕಲಿತವನು ಎಡವುವುದು ಇಲ್ಲಿಯೇ.

ಉತ್ತರ ಹೇಳಲಾರದ ರೋಗಿ

ಎಂಟು ದಿನದ ಕೂಸು ಕೈಯೆತ್ತಲಾರದು. ಅದನ್ನು ಪರೀಕ್ಷಿಸುವ ಬಗೆ ಹೇಗೆ? ಇದಕ್ಕೆ ಉತ್ತರವನ್ನು ಒದಗಿಸಿದವರಲ್ಲಿ ಭೌತವಿಜ್ಞಾನಿಗಳ ಪಾಲು ದೊಡ್ಡದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿಯಾಗಬೇಕು. ಹಂಗೆರಿಯ ಜಾರ್ಜ್ ಫಾನ್ ಬೆಕೆಷಿ ಎಂಬಾತ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತ ಕಿವಿಯ ಅಭ್ಯಾಸಕ್ಕೆ ಇಳಿದವನು. ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಅಲೆಯೊಂದು ಸಾಗಿ, ಸ್ವರದ ಆವೃತ್ತಿಗೆ ತಕ್ಕ ಸ್ಥಳದಲ್ಲಿ ಅತ್ಯಂತ ಎತ್ತರವಾಗುವುದೆಂದು ತೋರಿಸಿದ ಈತನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1978ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಡೇವಿಡ್ ಕೆಂಪ್ ಮತ್ತೊಂದು ವಿಸ್ಮಯವನ್ನು ಬೆಳಕಿಗೆ ತಂದನು. ಆರೋಗ್ಯವಾದ ಕಿವಿಗೆ ‘ಟಿಕ್’ ಎಂಬ ಸದ್ದನ್ನು ಕೊಟ್ಟರೆ ಕೆಲವು ಸಹಸ್ರಾಂಶ ಸೆಕೆಂಡುಗಳ ತರುವಾಯ ಕಿವಿಯೇ ಒಂದು ಕ್ಷೀಣವಾದ ಸದ್ದನ್ನು ಹಿಂದಕ್ಕೆ ಕಳುಹಿಸುತ್ತದೆ! ಒಳಗಿವಿಯ ಹೊರಸಾಲಿನ ರೋಮಕೋಶಗಳು ಸಜೀವವಾಗಿ ದುಡಿಯುತ್ತಿರುವುದರ ಗುರುತು ಅದು. ನಿದ್ರಿಸುವ ಕೂಸಿನ ಕಿವಿಯಲ್ಲಿ ಸಣ್ಣ ಮೈಕ್ರೋಫೋನನ್ನಿಟ್ಟು ಈ ಪ್ರತಿಧ್ವನಿಯನ್ನು ಕೆಲವು ನಿಮಿಷಗಳಲ್ಲಿ ಹುಡುಕಬಹುದು.

ಇದೂ ಪೂರ್ತಿ ಸಾಲದು. ರೋಮಕೋಶಗಳು ಸರಿಯಾಗಿದ್ದು ನರದ ಸಂದೇಶ ಕೆಟ್ಟಿರುವ ಮಕ್ಕಳುಂಟು. ಅದಕ್ಕಾಗಿ ತಲೆಯ ಚರ್ಮಕ್ಕೆ ವಿದ್ಯುದ್ವಾರಗಳನ್ನು ಅಂಟಿಸಿ, ಸದ್ದು ನರದಲ್ಲಿಯೂ ಮಿದುಳಿನ ಕಾಂಡದಲ್ಲಿಯೂ ಎಬ್ಬಿಸುವ ವಿದ್ಯುತ್ತನ್ನು ಅಳೆಯುತ್ತಾರೆ. ಅದು ಒಂದು ಮೈಕ್ರೋವೋಲ್ಟಿಗಿಂತಲೂ ಕಡಿಮೆ. ಮಿದುಳಿನ ಉಳಿದ ವಿದ್ಯುತ್ತಿನ ಗದ್ದಲದಲ್ಲಿ ಮುಳುಗಿಹೋಗಿರುತ್ತದೆ. ಒಂದೇ ಸದ್ದನ್ನು 1,600 ಸಲ ಕೇಳಿಸಿ ಉತ್ತರಗಳ ಸರಾಸರಿ ತೆಗೆದರೆ ಗದ್ದಲ ಅದರ ವರ್ಗಮೂಲದಂತೆ, ಎಂದರೆ 40ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಿಜವಾದ ಉತ್ತರ ತಲೆಯೆತ್ತುತ್ತದೆ. ಪ್ರಯೋಗಶಾಲೆಯಲ್ಲಿ ಅನೇಕ ವಾಚನಗಳ ಸರಾಸರಿಯನ್ನು ಬೇಸರದಿಂದ ತೆಗೆಯುವವರು ಈ ಉಪಯೋಗವನ್ನು ನೆನೆಯಬೇಕು.

ಇಷ್ಟು ಅವಸರವೇಕೆ ಎಂದರೆ, ಭಾಷೆ ಕಲಿಯುವುದಕ್ಕೆ ಮಿದುಳಿಗೆ ಒಂದು ಕಾಲವುಂಟು. ಮಗು ಮಾತನಾಡುವುದಕ್ಕೆ ಬಹಳ ಮೊದಲೇ ಮಾತನ್ನು ಕೇಳಿ ಕೇಳಿ ಸಂಗ್ರಹಿಸಿಕೊಳ್ಳುತ್ತದೆ. ಆದ್ದರಿಂದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಉಪಚಾರದ ಆರಂಭ ಎಂಬ ನಿಯಮವನ್ನು ತಜ್ಞರು ಹಾಕಿಕೊಂಡಿದ್ದಾರೆ. ಶ್ರವಣಯಂತ್ರ, ಒಳಗಿವಿಯಲ್ಲಿ ಕೂಡಿಸುವ ಕಾಕ್ಲಿಯರ್ ಸಾಧನ, ಸಂಜ್ಞಾಭಾಷೆ, ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಬೇಗ ಪ್ರಾರಂಭಿಸಿದ ಮಗುವಿಗೆ ಲಾಭ ಹೆಚ್ಚು. ಕಳೆದುಹೋದ ಮೂರು ವರ್ಷಗಳನ್ನು ಯಾವ ಯಂತ್ರವೂ ಹಿಂದಕ್ಕೆ ತಂದುಕೊಡಲಾರದು.

ಮಾತಿನ ಅಳತೆ

ಜನ ಬಾಳುವುದು ಶುದ್ಧ ಸ್ವರಗಳಲ್ಲಿ ಅಲ್ಲ, ಮಾತಿನಲ್ಲಿ. ಮಾತಿನಲ್ಲಿ ಸ್ವರಾಕ್ಷರಗಳ ಶಕ್ತಿ ಹೆಚ್ಚಿನಂಶ ಕೆಳ ಆವೃತ್ತಿಗಳಲ್ಲಿಯೂ ‘ಸ’ಕಾರದಂಥ ವ್ಯಂಜನಗಳ ಕ್ಷೀಣವಾದ ಶಕ್ತಿ ಮೇಲಿನ ಆವೃತ್ತಿಗಳಲ್ಲಿಯೂ ಇರುತ್ತದೆ. ವಯಸ್ಸಿನಿಂದಲೋ ಕಾರ್ಖಾನೆಯ ಗದ್ದಲದಿಂದಲೋ ಮೊದಲು ಕೆಡುವುದು ಮೇಲಿನ ಆವೃತ್ತಿಗಳ ಶ್ರವಣ. ಅಂಥವರಿಗೆ ‘ಸಾಲು’, ‘ಕಾಲು’, ‘ಹಾಲು’ ಎಲ್ಲವೂ ಒಂದೇ ಆಗಿ ಕೇಳಿಸಬಹುದು. ‘ಕೇಳಿಸುತ್ತದೆ, ತಿಳಿಯುವುದಿಲ್ಲ’ ಎಂದು ಮುದುಕರು ಹೇಳುವುದರ ಅರ್ಥ ಇದೇ. ಮನೆಯವರು ಕೂಗಿ ಹೇಳಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು ವ್ಯಂಜನ ಸ್ಪಷ್ಟವಾಗುವುದಿಲ್ಲ.

ಆದ್ದರಿಂದ ಮಾತಿನಿಂದಲೇ ಪರೀಕ್ಷೆ ನಡೆಯಬೇಕು. ಅದೂ ರೋಗಿಯ ಮಾತಿನಿಂದ. ‘ಬೆಲೆ’ಗೂ ‘ಬೆಳೆ’ಗೂ, ‘ಮಲೆ’ಗೂ ‘ಮಳೆ’ಗೂ ಇರುವ ಭೇದ ಇಂಗ್ಲಿಷಿನ ಪದಪಟ್ಟಿಯಲ್ಲಿ ದೊರೆಯದು. ಕನ್ನಡದ ಧ್ವನಿಗಳನ್ನು ಹದವರಿತು ಹಂಚಿದ, ಎಲ್ಲರಿಗೂ ಪರಿಚಿತವಾದ ಪದಗಳ ಪಟ್ಟಿಗಳನ್ನು ಮೈಸೂರಿನಲ್ಲಿ ಸಿದ್ಧಪಡಿಸಿದ್ದಾರೆ. ಭಾರತದ ಪ್ರತಿಯೊಂದು ಭಾಷೆಗೂ ಈ ಕೆಲಸ ಪ್ರತ್ಯೇಕವಾಗಿ ಆಗಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಇದೊಂದು ಫಲವತ್ತಾದ ಹೊಲ.

ವ್ಯಾಸಂಗದ ಹಾದಿ

ಎರಡನೆಯ ಮಹಾಯುದ್ಧದಲ್ಲಿ ಕಿವಿ ಕೆಟ್ಟು ಹಿಂದಿರುಗಿದ ಅಮೆರಿಕದ ಸೈನಿಕರ ಶುಶ್ರೂಷೆಯಿಂದ ಈ ಶಾಸ್ತ್ರ ಪ್ರತ್ಯೇಕ ವೃತ್ತಿಯಾಗಿ ರೂಪುಗೊಂಡಿತು. ಆ ಕಾರ್ಯದಲ್ಲಿ ಮುಂದಾಳಾಗಿ, ಬಳಿಕ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಬೆಳೆಸಿದ ರೇಮಂಡ್ ಕಾರ್ಹಾರ್ಟನನ್ನು ಇದರ ಜನಕನೆಂದು ಕರೆಯುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ಭದ್ರವಾದ ನೆಲೆ ದೊರೆತದ್ದು ಮೈಸೂರಿನಲ್ಲಿ. 1965ರಲ್ಲಿ ಅಲ್ಲಿ ಪ್ರಾರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದ್ದು, ಮೈಸೂರು ವಿಶ್ವವಿದ್ಯಾನಿಲಯದ ಪದವಿಗಳಿಗೆ ವಿದ್ಯಾರ್ಥಿಗಳನ್ನು ತಯಾರುಮಾಡುತ್ತಿದೆ.

ಪದವಿಪೂರ್ವ ತರಗತಿಯಲ್ಲಿ ವಿಜ್ಞಾನ ಓದಿದವರು ಮೊದಲು ಶ್ರವಣ ಮತ್ತು ವಾಗ್ಭಾಷಾ ಶಾಸ್ತ್ರಗಳ ನಾಲ್ಕು ವರ್ಷಗಳ ಪದವಿಯನ್ನು ಪಡೆಯಬೇಕು. ಅದರಲ್ಲಿ ಕೊನೆಯ ವರ್ಷ ಚಿಕಿತ್ಸಾಲಯಗಳಲ್ಲಿ ಕೆಲಸದ ಅಭ್ಯಾಸ. ಅನಂತರ ಶ್ರವಣಶಾಸ್ತ್ರದ ಎರಡು ವರ್ಷಗಳ ಎಂ.ಎಸ್‌ಸಿ. ಕಿವಿಯ ಶರೀರಕ್ರಿಯೆ, ಶ್ರವಣದ ಮನೋಭೌತಶಾಸ್ತ್ರ, ನರಗಳ ವಿದ್ಯುತ್ಪರೀಕ್ಷೆ, ಶ್ರವಣಯಂತ್ರಗಳು, ಮಕ್ಕಳ ಶ್ರವಣ, ದೇಹದ ಸಮತೋಲದ ದೋಷಗಳು, ಸಂಖ್ಯಾಶಾಸ್ತ್ರ, ಇವೆಲ್ಲ ಇಲ್ಲಿ ಓದಬೇಕಾದ ವಿಷಯಗಳು. ಓದಿನ ಜೊತೆಜೊತೆಗೆ ರೋಗಿಗಳನ್ನು ನೋಡುವುದೂ ಸ್ವತಂತ್ರವಾಗಿ ಒಂದು ಪ್ರಬಂಧವನ್ನು ಬರೆಯುವುದೂ ನಡೆಯುತ್ತವೆ. ಪದವಿಯಲ್ಲಿ ಕಲಿಯುವುದು ಪರೀಕ್ಷೆ ಮಾಡುವ ಕ್ರಮವಾದರೆ, ಇಲ್ಲಿ ಕಲಿಯುವುದು ಪರೀಕ್ಷೆಗಳು ಒಂದಕ್ಕೊಂದು ವಿರೋಧವಾಗಿ ಹೇಳಿದಾಗ ಯಾವುದನ್ನು ನಂಬಬೇಕೆಂಬ ವಿವೇಕವನ್ನು.

ಈ ವಿವೇಕದ ಬೆಲೆ ಎಷ್ಟೆಂಬುದಕ್ಕೆ ಶ್ರವಣಯಂತ್ರವೇ ಸಾಕ್ಷಿ. 60 ಡೆಸಿಬೆಲಿನಲ್ಲಿ ಕೇಳಿಸತೊಡಗಿ 100 ಡೆಸಿಬೆಲಿನಲ್ಲಿ ಅಸಹ್ಯವಾಗುವ ಕಿವಿಗೆ ಉಳಿದಿರುವ ಹರವು 40 ಮಾತ್ರ. ಲೋಕದ ಸದ್ದುಗಳನ್ನೆಲ್ಲ ಅದರೊಳಗೆ ಅಡಕಮಾಡಬೇಕು. ಕೂಸಿನ ಕಿವಿನಾಳ ಚಿಕ್ಕದಾದುದರಿಂದ ಅದೇ ಯಂತ್ರ ಅಲ್ಲಿ ಇನ್ನೂ ಹೆಚ್ಚು ಒತ್ತಡವನ್ನುಂಟುಮಾಡುತ್ತದೆ. ದೊಡ್ಡವರ ಲೆಕ್ಕ ಅಲ್ಲಿ ಸಲ್ಲದು. ಅಳೆಯದೆ ಕೊಟ್ಟ ಯಂತ್ರ ಪೆಟ್ಟಿಗೆ ಸೇರುತ್ತದೆ, ಅಥವಾ ಉಳಿದ ಶ್ರವಣವನ್ನೂ ಕೆಡಿಸುತ್ತದೆ.

ಗಣಿತಕ್ಕೆ ಅಂಜದ, ಮನುಷ್ಯರೊಡನೆ ತಾಳ್ಮೆಯಿಂದ ಮಾತನಾಡಬಲ್ಲ ತರುಣ ತರುಣಿಯರಿಗೆ ಈ ವಿದ್ಯೆ ತಕ್ಕುದಾಗಿದೆ. ಇದನ್ನು ಆರಿಸಿಕೊಳ್ಳದವರೂ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಲೇಖನ ಸಾರ್ಥಕವಾದಂತೆ: ನೆರೆಮನೆಯ ಮಗುವಿನ ಕಿವಿಯ ಬಗೆಗೆ ಸಂದೇಹ ಬಂದರೆ ತಟ್ಟೆಯನ್ನು ಬಡಿದು ಸುಮ್ಮನಾಗಬಾರದು, ಅಳೆಯಬಲ್ಲವರಲ್ಲಿಗೆ ಆ ವಾರದಲ್ಲಿಯೇ ಕಳುಹಿಸಬೇಕು.