ಹಳಿ ಕೆಳಗಿನ ರಬ್ಬರ್ ಗಟ್ಟಿಯಾದರೆ ಸದ್ದು ಜಾಸ್ತಿಯಾಗುತ್ತಾ?

ರೈಲಿನ ಗದ್ದಲವೆಲ್ಲ ಇಂಜಿನ್‌ದೇ ಅಂದ್ಕೊಂಡಿದ್ರೆ, ಮುಂದಿನ ಸಲ ಇಂಜಿನ್ ದಾಟಿ ಹೋದಮೇಲೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ. ಮೋಟಾರೇ ಇಲ್ಲದ ಬೋಗಿಗಳು, ಆದರೂ ಮೊರೆತ ನಿಲ್ಲೋದಿಲ್ಲ. ಇದು ರೋಲಿಂಗ್ ನಾಯ್ಸ್. ಚಕ್ರ ಮತ್ತು ಹಳಿ ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅವುಗಳ ಮೇಲೆ ಮೈಕ್ರೋಮೀಟರ್ ಲೆಕ್ಕದ ಉಬ್ಬುತಗ್ಗುಗಳಿರುತ್ತವೆ. ಉರುಳುವಾಗ ಇವು ಚಕ್ರ, ಹಳಿ, ಸ್ಲೀಪರ್ ಮೂರನ್ನೂ ಅದುರಿಸುತ್ತವೆ.

ಫ್ರೀಕ್ವೆನ್ಸಿ ಲೆಕ್ಕ ಸುಲಭ. ಗಂಟೆಗೆ 108 ಕಿ.ಮೀ. ಅಂದರೆ ಸೆಕೆಂಡಿಗೆ 30 ಮೀಟರ್. ಹಳಿಯ ಮೇಲೆ 3 ಸೆಂ.ಮೀ.ಗೊಂದು ಉಬ್ಬಿದ್ದರೆ 1000 ಹರ್ಟ್ಸ್, ನಮ್ಮ ಕಿವಿ ಚುರುಕಾಗಿರುವ ಜಾಗವೇ. ಹೀಗೆ ಸಾಲಾಗಿ ಅಲೆ ಎದ್ದ ಹಳಿಯನ್ನು ಕಾರುಗೇಟೆಡ್ ಅಂತಾರೆ. ಅದರ ಮೇಲೆ ಸದ್ದು 10 ಡೆಸಿಬೆಲ್ ಅಥವಾ ಇನ್ನೂ ಹೆಚ್ಚು ಏರಬಹುದು. ಗ್ರೈಂಡಿಂಗ್ ಮಾಡಿದರೆ ಇಳಿಯುತ್ತೆ. ಇಲ್ಲಿಯವರೆಗೆ ಎಲ್ಲ ನಾವು ಊಹಿಸೋ ಥರಾನೇ: ಸವೆದರೆ ಗದ್ದಲ.

ಲೆಕ್ಕ ತಲೆಕೆಳಗಾಗೋದು ಪ್ಯಾಡ್ ವಿಷಯಕ್ಕೆ ಬಂದಾಗ. ನಮ್ಮ ಬ್ರಾಡ್‌ಗೇಜ್ ಹಾದಿಯಲ್ಲಿ ಹಳಿಗೂ ಕಾಂಕ್ರೀಟ್ ಸ್ಲೀಪರ್‌ಗೂ ನಡುವೆ ಒಂದು ರಬ್ಬರ್ ತುಂಡು ಇರುತ್ತೆ. ಸಾಮಾನ್ಯವಾಗಿ 6 ಮಿ.ಮೀ. ದಪ್ಪ, ಮೈಮೇಲೆ ಗೀರುಗಳು. ರೈಲ್ವೆಯವರ ಬಾಯಲ್ಲಿ ಇದು ಜಿಆರ್‌ಎಸ್‌ಪಿ, ಗ್ರೂವ್ಡ್ ರಬ್ಬರ್ ಸೋಲ್ ಪ್ಲೇಟ್. ವರ್ಷಗಟ್ಟಲೆ ಬಿಸಿಲು, ಆಮ್ಲಜನಕ, ಎಣ್ಣೆ, ಲಕ್ಷಾಂತರ ಚಕ್ರಗಳ ಒತ್ತಡ ತಿಂದು ಈ ರಬ್ಬರ್ ಗಟ್ಟಿಯಾಗುತ್ತೆ, ಇಲ್ಲವೇ ಜಜ್ಜಿ ತೆಳ್ಳಗಾಗುತ್ತೆ.

ಪ್ಯಾಡ್ ಮೆತ್ತಗಿದ್ದಾಗ ಹಳಿಗೆ ಸ್ಲೀಪರ್‌ನ ಹಿಡಿತ ಕಡಿಮೆ. ಕಂಪನ ಹಳಿಯುದ್ದಕ್ಕೂ ದೂರ ಓಡುತ್ತೆ. ಅಷ್ಟುದ್ದದ ಉಕ್ಕು ಒಂದು ಸ್ಪೀಕರ್ ಇದ್ದ ಹಾಗೆ. ಪ್ಯಾಡ್ ಗಟ್ಟಿಯಾದರೆ ಹಳಿ ಮತ್ತು ಸ್ಲೀಪರ್ ಒಟ್ಟಿಗೆ ಅಲುಗುತ್ತವೆ, ಕಂಪನ ಬೇಗ ಸಾಯುತ್ತೆ. ಹಳಿಯ ಸದ್ದು ಇಳಿದು ಸ್ಲೀಪರ್‌ನ ಸದ್ದು ಏರುತ್ತೆ. ಆದರೆ ಸ್ಲೀಪರ್ ಸದ್ದು ಮಾಡುವುದು ಹೆಚ್ಚಾಗಿ 400 ಹರ್ಟ್ಸ್‌ಗಿಂತ ಕೆಳಗೆ. ಕಿವಿಗೆ ಚುಚ್ಚುವ 1000 ಹರ್ಟ್ಸ್ ಆಸುಪಾಸು ಹಳಿಯದೇ ರಾಜ್ಯ. ಹಾಗಾಗಿ ಮುದಿ ಪ್ಯಾಡ್ ಇರುವ ಕಡೆ ಡೆಸಿಬೆಲ್ ಮೀಟರ್ ಕಡಿಮೆ ತೋರಿಸಿದರೂ ಆಶ್ಚರ್ಯವಿಲ್ಲ!

ಹಾಗಂತ ಹಳೇ ಪ್ಯಾಡನ್ನೇ ಬಿಡೋಣ್ವಾ? ಅದನ್ನು ಹಾಕಿದ್ದೇ ಪೆಟ್ಟು ತಡೆಯೋಕೆ. ಗಟ್ಟಿಯಾದಮೇಲೆ ಚಕ್ರದ ಹೊಡೆತ ನೇರ ಸ್ಲೀಪರ್‌ಗೆ, ಅಲ್ಲಿಂದ ಜಲ್ಲಿಗೆ. ಸ್ಲೀಪರ್ ಬಿರುಕು ಬಿಡಬಹುದು, ಜಲ್ಲಿ ಪುಡಿಯಾಗಿ ಹಾದಿ ಕುಸಿಯಬಹುದು. ಪ್ಯಾಡ್ ತೆಳ್ಳಗಾದರೆ ಮೇಲಿಂದ ಹಳಿಯನ್ನು ಅದುಮಿ ಹಿಡಿದಿರೋ ಕ್ಲಿಪ್ ಕೂಡ ಸಡಿಲ. ಹೊಸದಿದ್ದಾಗ ಮಾರ್ಕ್-3 ಕ್ಲಿಪ್ ಒಂದರ ಹಿಡಿತ 850ರಿಂದ 1100 ಕೆ.ಜಿ. (ಅದಕ್ಕೆ ಪ್ಯಾಂಡ್ರೋಲ್ ಅನ್ನೋ ಹೆಸರು ಬಂದಿದ್ದು ನಾರ್ವೆಯ ಪಾಂಡೆ-ರೋಲ್ಫ್‌ಸೆನ್ ಎಂಬ ಇಂಜಿನಿಯರಿಂದ. ಕಂಪನಿ ಹೆಸರು ಅಂತಷ್ಟೇ ಗೊತ್ತಿದ್ದವರಿಗೆ ಇದು ಬೋನಸ್.)

ಹಳಿ ಪಕ್ಕದ ಮನೆಯವರಿಗೆ ಗಟ್ಟಿ ಪ್ಯಾಡ್ ವಾಸಿ, ಹಾದಿ ನೋಡಿಕೊಳ್ಳುವ ಗ್ಯಾಂಗ್‌ಗೆ ಮೆತ್ತನೆಯದು. ಸ್ವಿಟ್ಜರ್ಲೆಂಡಿನಲ್ಲಿ ಗಟ್ಟಿ ಪ್ಯಾಡ್‌ಗಳದೇ ರೂಢಿ. ಅಲ್ಲಿನ ಎಂಪಾ, ಇಪಿಎಫ್‌ಎಲ್ ಸಂಶೋಧಕರು ಈ ಜಗಳ ಬಿಡಿಸೋಕೆ ಹೊಸ ಪ್ಯಾಡ್ ಮೇಲೆ ಕೆಲಸ ಮಾಡಿದ್ದಾರೆ. ಸ್ಟಿಫ್‌ನೆಸ್ ಕಡಿಮೆ, ಡ್ಯಾಂಪಿಂಗ್ ಜಾಸ್ತಿ ಇರಬೇಕು ಅನ್ನೋದು ಐಡಿಯಾ. ವೈಬ್ರೇಷನ್ಸ್ ಪೇಪರಿನಲ್ಲಿ k ಮತ್ತು c ಬೇರೆ ಬೇರೆ ಯಾಕೆ ಅಂತ ಕೇಳಿದವರಿಗೆ ಇಲ್ಲಿದೆ ಉತ್ತರ: k ಪೆಟ್ಟನ್ನು ಎಷ್ಟು ಕೆಳಗೆ ಬಿಡಬೇಕು ಅಂತ ನಿರ್ಧರಿಸುತ್ತೆ, c ಹಳಿಯಲ್ಲಿ ಓಡುವ ಕಂಪನವನ್ನು ತಿಂದುಹಾಕುತ್ತೆ.

ಇದನ್ನು ಅಳೆಯೋ ರೀತಿ ಸರಳ. ಹಳಿಯಲ್ಲಿ ಒಂದು ಕಡೆ ಆಕ್ಸಿಲರೋಮೀಟರ್ ಅಂಟಿಸಿ, ದೂರ ಬದಲಿಸುತ್ತಾ ಸುತ್ತಿಗೆಯಿಂದ ತಟ್ಟೋದು. ಮೀಟರಿಗೆ ಎಷ್ಟು ಡೆಸಿಬೆಲ್ ಇಳೀತು ಅನ್ನೋದೇ ಡಿಕೇ ರೇಟ್. ಓಡುವ ಲೈನ್ ಮೇಲೆ ಅನುಮತಿಯಿಲ್ಲದೆ ಇಳಿಯೋದು ಅಪರಾಧ, ಅಪಾಯ ಕೂಡ. ಲ್ಯಾಬಿನಲ್ಲಿ ಒಂದು ಉಕ್ಕಿನ ಬೀಮ್, ಅದರ ಕೆಳಗೆ ಬೇರೆ ಬೇರೆ ಗಡಸುತನದ ರಬ್ಬರ್ ತುಂಡುಗಳು ಸಾಕು. ಆಮೇಲೆ ಅದೇ ತುಂಡುಗಳನ್ನು ಓವನ್ನಿನಲ್ಲಿ ಕೆಲವು ದಿನ ಬೇಯಿಸಿ, ಮತ್ತೆ ತಟ್ಟಿ ನೋಡಿ.